ಸೂತ್ರ ಒಂದೇ, ಆಕಾರ ಬೇರೆ!



ಪೆಂಟೇನ್‌ಗೆ ಎಷ್ಟು ರಚನಾ ಸಮಾಂಗಿಗಳು ಅಂತ ಕೇಳಿದರೆ ಹತ್ತನೇ ತರಗತಿಯವರೆಲ್ಲ ಥಟ್ಟನೆ "ಮೂರು" ಅಂತೀವಿ. ಅಂಕವೂ ಸಿಗುತ್ತೆ. ಆದರೆ ಆಕಾರ ಬದಲಾದರೆ ಗುಣ ಏನಾಗುತ್ತೆ ಅಂತ ಯಾರೂ ಕೇಳಲ್ಲ. ಕೇಳಲೇಬೇಕು ಎಂಬುದು ನನ್ನ ಅಭಿಪ್ರಾಯ.

ಮೂರರಲ್ಲೂ ಇರುವುದು 5 ಕಾರ್ಬನ್, 12 ಹೈಡ್ರೋಜನ್. ತೂಕವೂ ಒಂದೇ. ಆದರೂ ಉದ್ದ ಸರಪಳಿಯ ಪೆಂಟೇನ್ 36 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಒಂದು ಕವಲಿರುವುದು 28ರಲ್ಲಿ. ಚೆಂಡಿನಂತೆ ದುಂಡಗಿರುವ ನಿಯೋಪೆಂಟೇನ್ ಸುಮಾರು 10 ಡಿಗ್ರಿಗೇ ಕುದಿದು ಅನಿಲವಾಗುತ್ತದೆ!

ಕಾರಣ ಸುಲಭ. ನೆಟ್ಟಗಿನ ಸೌದೆಗಳನ್ನು ಹೊರೆ ಕಟ್ಟಿದರೆ ಉದ್ದಕ್ಕೂ ಒಂದಕ್ಕೊಂದು ಅಂಟಿ ಕೂರುತ್ತವೆ. ನಿಂಬೆಹಣ್ಣುಗಳನ್ನು ರಾಶಿ ಹಾಕಿದರೆ ಚುಕ್ಕೆಯಷ್ಟು ಜಾಗದಲ್ಲಿ ಮಾತ್ರ ತಾಗುತ್ತವೆ. ಅಣುಗಳೂ ಹಾಗೆಯೇ. ತಾಗುವ ಮೈ ಹೆಚ್ಚಾದಷ್ಟೂ ಆಕರ್ಷಣೆ ಹೆಚ್ಚು, ಬಿಡಿಸಲು ಬೇಕಾದ ಶಾಖವೂ ಹೆಚ್ಚು. ಈ ಆಕರ್ಷಣೆ ಹೇಗೆ ಹುಟ್ಟುತ್ತದೆ ಎಂದು 1930ರಲ್ಲಿ ವಿವರಿಸಿದವರಲ್ಲಿ ಮುಖ್ಯರು ಫ್ರಿಟ್ಜ್ ಲಂಡನ್.

"ಪೆಂಟೇನ್ ಕಟ್ಟಿಕೊಂಡು ನಮಗೇನು?" ಅನ್ನುವವರು ಅಡುಗೆಮನೆಗೆ ಬನ್ನಿ. ಶೇಂಗಾ ಎಣ್ಣೆಯಲ್ಲಿ ಹೆಚ್ಚಾಗಿರುವುದು ಓಲಿಕ್ ಆಮ್ಲದ ಸರಪಳಿ. ಅದರ ನಡುವೆ ಒಂದು ಡೊಂಕು ಇದೆ. ಡೊಂಕು ಸೌದೆ ಹೊರೆಗೆ ಸರಿಯಾಗಿ ಕೂರಲ್ಲ ತಾನೇ? ಅದಕ್ಕೇ ಓಲಿಕ್ ಆಮ್ಲ ಸುಮಾರು 13 ಡಿಗ್ರಿಗೇ ಕರಗುತ್ತದೆ. ಅದೇ ಸೂತ್ರದ, ಡೊಂಕಿಲ್ಲದ ಎಲೈಡಿಕ್ ಆಮ್ಲ ಕರಗಲು ಸುಮಾರು 45 ಡಿಗ್ರಿ ಬೇಕು. ಎಣ್ಣೆಗೆ ಹೈಡ್ರೋಜನ್ ಹಾಯಿಸಿ ವನಸ್ಪತಿ ಮಾಡುವಾಗ ಕೆಲವು ಡೊಂಕು ಸರಪಳಿಗಳು ಹೀಗೆ ನೆಟ್ಟಗಾಗಿಬಿಡುತ್ತವೆ. ಅದೇ ಟ್ರಾನ್ಸ್ ಕೊಬ್ಬು, ಹೃದಯಕ್ಕೆ ಕೆಟ್ಟದ್ದು. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ, ವನಸ್ಪತಿಗಳಲ್ಲಿ ಇದು ಶೇಕಡಾ 2ನ್ನು ಮೀರುವಂತಿಲ್ಲ. ಸೂತ್ರ ಮಾತ್ರ ಬಾಯಿಪಾಠ ಮಾಡಿದವನಿಗೆ ಈ ಎರಡು ಆಮ್ಲಗಳ ವ್ಯತ್ಯಾಸವೇ ಕಾಣುವುದಿಲ್ಲ!

ಗುರುಗಳಲ್ಲಿ ಒಂದು ವಿನಂತಿ. ಕಪ್ಪು ಹಲಗೆಯ ಮೇಲೆ ಎಲ್ಲ ಅಣುವೂ ಚಪ್ಪಟೆಯಾಗಿ ಕಾಣುತ್ತೆ. ಶನಿವಾರ ಒಂದು ಪೀರಿಯಡ್ ಕೊಡಿ. ಕೆರೆ ಜೇಡಿಮಣ್ಣು, ಪೊರಕೆ ಕಡ್ಡಿ ನಾವೇ ತರ್ತೀವಿ. ಕಾಸು ಖರ್ಚಿಲ್ಲ. ಅಣುಗಳನ್ನು ಕೈಯಾರೆ ಮಾಡಿ, ಪಕ್ಕಪಕ್ಕ ಇಟ್ಟು ನೋಡೋಣ. ಪಾಠ ಹಿಂದೆ ಬೀಳುತ್ತೆ ಅನ್ನಬಹುದು. ಆದರೆ ಕೈಯಲ್ಲಿ ಹಿಡಿದದ್ದು ಪರೀಕ್ಷೆ ಮುಗಿದ ಮೇಲೂ ಮರೆಯಲ್ಲ.

ಗೆಳೆಯರೇ, ನೀವೇನಂತೀರಿ? ಮುಂದಿನ ಸಂಚಿಕೆಗೆ ಬರೆಯಿರಿ.

– ಹತ್ತನೇ ತರಗತಿಯ ವಿದ್ಯಾರ್ಥಿನಿ