ದವಡೆಯ ಶಸ್ತ್ರಚಿಕಿತ್ಸೆ: ತೀರ್ಮಾನ ಯಾರದು?



ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಮದುವೆ ಮಾತುಕತೆಗಳಲ್ಲಿ ನಾನು ಕೇಳಿರುವ ಮಾತಿದು: "ಹುಡುಗಿ ಚೆನ್ನಾಗಿದ್ದಾಳೆ, ಕೆಳದವಡೆ ಮಾತ್ರ ಸ್ವಲ್ಪ ಮುಂದೆ." ಇಷ್ಟಕ್ಕೇ ಹೆತ್ತವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೊರಡುವುದುಂಟು. 1965ರಿಂದ ಅಲ್ಲಿ ದಂತವೈದ್ಯ ಕಾಲೇಜಿದೆ, ತೋರಿಸುವುದು ತಪ್ಪಲ್ಲ. ಆದರೆ ಯಾವ ಕಾರಣಕ್ಕೆ?

ಇದು ಸಣ್ಣ ಕೆಲಸವಲ್ಲ. ದವಡೆಯ ಬೆಳವಣಿಗೆ ನಿಂತ ಮೇಲೆ, ಸಾಮಾನ್ಯವಾಗಿ 17-18 ವರ್ಷದ ನಂತರವೇ ಮಾಡುತ್ತಾರೆ. ಅದಕ್ಕೂ ಮೊದಲು ಒಂದು, ಒಂದೂವರೆ ವರ್ಷ ಹಲ್ಲಿಗೆ ಕ್ಲಿಪ್. ಆಮೇಲೆ ಮೂಳೆ ಕತ್ತರಿಸಿ, ಸರಿಸಿ, ಟೈಟಾನಿಯಂ ಪಟ್ಟಿಯಿಂದ ಬಿಗಿಯುತ್ತಾರೆ. ಮೂಳೆ ಕೂಡಲು 6ರಿಂದ 8 ವಾರ. ಮೊದಮೊದಲು ಗಂಜಿಯೇ ಗತಿ. ಕೆಳತುಟಿಯ ಜೋಮು ಕೆಲವರಿಗೆ ಕಾಯಂ ಉಳಿಯುತ್ತದೆ.

ಸೇತುವೆ ದುರಸ್ತಿಯ ಅಂದಾಜುಪಟ್ಟಿ ಬರೆಯುವಾಗ ನಾವು ಮೊದಲು ನೋಡುತ್ತಿದ್ದುದು ಅದು ಭಾರ ಹೊರುತ್ತದೆಯೇ ಎಂದು. ಇಲ್ಲೂ ಅಷ್ಟೇ. ಅಗಿಯಲು, ಮಾತಾಡಲು, ನಿದ್ದೆಯಲ್ಲಿ ಉಸಿರಾಡಲು ಕಷ್ಟವಿದ್ದರೆ ಖರ್ಚಿಗೆ ಹಿಂಜರಿಯಬೇಡಿ. ಕನ್ನಡಿ ನೋಡಿ ನೊಂದು ಮಗಳೇ ಕೇಳಿದರೆ ಅದೂ ನ್ಯಾಯವಾದ ಕಾರಣ. ಗಂಡಿನ ಕಡೆಯವರ ಕಣ್ಣಿಗಾಗಿ ಮಾತ್ರ ಬೇಡ. 18 ತುಂಬಿದವಳ ಒಪ್ಪಿಗೆಪತ್ರಕ್ಕೆ ಸಹಿ ಹಾಕುವವಳು ಅವಳೇ. ವೈದ್ಯರ ಬಳಿ ಅವಳೇ ಮಾತಾಡಲಿ. ನಾವು ಪಕ್ಕದಲ್ಲಿ ಕೂತಿದ್ದರೆ ಸಾಕು.