ಉಪ್ಪುನೀರಿನ ತೈಲಬಾವಿಗೆ ಯಾವ ಬ್ಯಾಕ್ಟೀರಿಯಾ?

ತೈಲಬಾವಿ ಬತ್ತಿತು ಎಂದರೆ ಒಳಗಿನ ತೈಲ ಮುಗಿಯಿತು ಎಂದು ಅರ್ಥವಲ್ಲ. ತಾನಾಗಿ ಉಕ್ಕಿದ್ದು ಬಂದು, ನೀರು ನುಗ್ಗಿಸಿ ತಳ್ಳಿದ್ದೂ ಬಂದ ಮೇಲೆ, ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ತೈಲ ಬಂಡೆಯ ಸಂದುಗಳಲ್ಲೇ ಉಳಿದಿರುತ್ತದೆ. ಬ್ಯಾಕ್ಟೀರಿಯಾಗಳಿಂದ ಅದನ್ನು ಬಿಡಿಸಬಹುದೆಂದು ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಕ್ಲಾಡ್ ಝೋಬೆಲ್ 1940ರ ದಶಕದಲ್ಲೇ ಪೇಟೆಂಟ್ ಪಡೆದಿದ್ದರು. ಇಷ್ಟು ವರ್ಷವಾದರೂ ಈ ವಿದ್ಯೆ ತೈಲೋದ್ಯಮದ ಅಂಚಿನಲ್ಲೇ ನಿಂತಿದೆ. ಜೀವಿಯನ್ನು ಡ್ರಮ್ಮಿನಲ್ಲಿ ತಂದು ಸುರಿಯುವ ಸರಕಿನಂತೆ ಕಂಡದ್ದೇ ಇದಕ್ಕೆ ಮುಖ್ಯ ಕಾರಣವೆಂದು ನನಗನ್ನಿಸುತ್ತದೆ.

ಸುರಿದ ಜೀವಿ ಒಳಗೆ ಬದುಕಬೇಕಲ್ಲ; ಉಪ್ಪನ್ನೇ ನೋಡಿ. ಸಮುದ್ರದ ನೀರಿನಲ್ಲಿ ಅದು ಶೇ. 3.5ರಷ್ಟು. ಕೆಲವು ತೈಲಪದರಗಳಲ್ಲಿ ಅದು ಶೇ. 20ನ್ನೂ ದಾಟುತ್ತದೆ. ಉಪ್ಪಿನಕಾಯಿಯನ್ನು ಕೆಡದಂತೆ ಕಾಯುವ ಗುಣವೇ ಇಲ್ಲಿ ಹೊರಗಿನಿಂದ ಬಂದ ಜೀವಿಯನ್ನು ಕೊಲ್ಲುತ್ತದೆ: ಕೋಶದೊಳಗಿನ ನೀರನ್ನು ಉಪ್ಪು ಸೆಳೆದುಬಿಡುತ್ತದೆ. ಹಾಗಾದರೆ ಸಿಹಿನೀರು ಬಿಟ್ಟು ಉಪ್ಪು ತೆಳುವಾಗಿಸಬಾರದೇ? ಬಂಡೆಯಲ್ಲಿ ಜೇಡಿಯಿದ್ದರೆ ಅದು ಉಬ್ಬಿ ಸಂದುಗಳೇ ಮುಚ್ಚಿಹೋಗಬಹುದು.

ಉಪ್ಪಿಗೆ ಒಗ್ಗಿದ ಜೀವಿಗಳೇನೂ ಇಲ್ಲವೆಂದಲ್ಲ. ಹ್ಯಾಲನೆರೋಬಿಯಂ ಎಂಬ ಬ್ಯಾಕ್ಟೀರಿಯಾ ಪೊಟ್ಯಾಸಿಯಂ ಲವಣವನ್ನು ತನ್ನೊಳಗೇ ತುಂಬಿಕೊಂಡು ಹೊರಗಿನ ಸೆಳೆತವನ್ನು ಸರಿದೂಗಿಸುತ್ತದೆ. ಒಕ್ಲಹೋಮಾ ವಿಶ್ವವಿದ್ಯಾಲಯದ ಸಂಶೋಧಕರು ತೈಲಕ್ಷೇತ್ರದ ನೀರಿನಿಂದಲೇ ಬೇರ್ಪಡಿಸಿದ ಜೆಎಫ್-2 ಎಂಬ ಬ್ಯಾಸಿಲಸ್ ತಳಿ, ಸಮುದ್ರದ ಎರಡು ಪಟ್ಟು ಉಪ್ಪಿನಲ್ಲಿ, ಗಾಳಿಯಿಲ್ಲದೆ ಬೆಳೆದು ಸೋಪಿನಂಥ ವಸ್ತುವನ್ನು ಸ್ರವಿಸುತ್ತದೆ. ಸಂದಿನ ಕುತ್ತಿಗೆಯಲ್ಲಿ ಸಿಕ್ಕಿದ ತೈಲಹನಿ ಬಿಗಿದುಕೊಂಡು ಕೂತಿರುವುದು ತೈಲ-ನೀರಿನ ನಡುವಿನ ಮೇಲ್ಮೈ ಸೆಳೆತದಿಂದ. ಸೋಪಿನಂಥ ವಸ್ತು ಕುಗ್ಗಿಸುವುದು ಈ ಸೆಳೆತವನ್ನೇ; ಅದು ಸಾವಿರ ಪಟ್ಟು ಕುಗ್ಗಿದರೆ ಹನಿ ಉದ್ದಕ್ಕೆ ಎಳೆದುಕೊಂಡು ನುಸುಳಿ ಹೊರಬೀಳುತ್ತದೆ.

ಆದ್ದರಿಂದ ಪ್ರಯೋಗಾಲಯದ ಬಲಶಾಲಿ ತಳಿಯನ್ನು ಇಳಿಸುವುದಕ್ಕಿಂತ ಆಯಾ ಬಾವಿಯ ಮೂಲನಿವಾಸಿಗಳಿಗೆ ಕಾಕಂಬಿಯನ್ನೋ ನೈಟ್ರೇಟನ್ನೋ ಉಣಿಸುವುದು ಮೇಲು. ತೊಡಕೆಂದರೆ, ಬಡಿಸಿದ ಊಟಕ್ಕೆ ಬೇಡದವರೂ ಬರುತ್ತಾರೆ. ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾಗಳು ಹೆಚ್ಚಿದರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅದು ಪೈಪುಗಳನ್ನು ತಿನ್ನುತ್ತದೆ, ಕೆಲಸಗಾರರ ಜೀವಕ್ಕೂ ಅಪಾಯ. ಉಪ್ಪು ತೀರಾ ಹೆಚ್ಚಾದಲ್ಲಿ ಈ ಬ್ಯಾಕ್ಟೀರಿಯಾಗಳಲ್ಲಿ ಹಲವಕ್ಕೆ ಉಳಿಯುವಷ್ಟು ಶಕ್ತಿಯೇ ಸಿಗದು. ಅಷ್ಟರ ಮಟ್ಟಿಗೆ ಉಪ್ಪು ನಮ್ಮ ಕಡೆ. ಪೂರ್ತಿ ನಂಬುವಂತಿಲ್ಲ, ಹ್ಯಾಲನೆರೋಬಿಯಂ ಕೂಡ ಥಯೋಸಲ್ಫೇಟ್‌ನಿಂದ ಸಲ್ಫೈಡ್ ಮಾಡಬಲ್ಲದು.

ಭಾರತದಲ್ಲಿ ತೈಲ ಕಂಪನಿ ಒಎನ್‌ಜಿಸಿ ಮತ್ತು ಸಂಶೋಧನಾ ಸಂಸ್ಥೆ ಟೆರಿ ಸೇರಿ ಈ ಕೆಲಸಕ್ಕೆ ಕೈಹಾಕಿವೆ. ಶೇ. 80ಕ್ಕೂ ಹೆಚ್ಚು ಕಚ್ಚಾತೈಲ ಆಮದು ಮಾಡುವ ದೇಶಕ್ಕೆ ಹಳೆಯ ಬಾವಿಯ ಆಸೆ ಸಹಜ. ಆದರೆ ಉಪಚಾರದ ಬಳಿಕ ಇಳುವರಿ ಏರಿತು ಎಂಬುದೊಂದೇ ಸಾಕ್ಷಿಯಾಗದು. ಬಾವಿಯ ಬಾಯಲ್ಲಿ ಕಟ್ಟಿದ ಮೇಣ ಕರಗಿದರೂ ಇಳುವರಿ ಏರುತ್ತದೆ. ಉಪಚಾರ ಕಾಣದ ಪಕ್ಕದ ಬಾವಿಯ ಲೆಕ್ಕವನ್ನೂ ಜೊತೆಗಿಡಬೇಕು.