‘ಎಸ್’ ಬಿಟ್ಟವನು ದಡ್ಡನಲ್ಲ, ಕನ್ನಡ ಬಿಟ್ಟು ಕಲಿಸಿದ್ದು ದಡ್ಡತನ!



“ಹಿ ಡೋಂಟ್ ನೋ.” “ಶಿ ಹ್ಯಾವ್ ತ್ರೀ ಚಿಲ್ಡ್ರನ್.” “ದ ಲಿಸ್ಟ್ ಆಫ್ ಐಟಮ್ಸ್ ಆರ್ ಅಟ್ಯಾಚ್ಡ್.”

ಊರಿಂದ ಬಂದ ಮಿಂಚಂಚೆಯಲ್ಲೋ, ಕೆಲಸಕ್ಕೆ ಅರ್ಜಿ ಹಾಕಿದ ಹುಡುಗನ ರೆಸ್ಯೂಮೆಯಲ್ಲೋ ಇಂಥ ಸಾಲು ಕಂಡರೆ ನಮ್ಮಲ್ಲಿ ಬಹಳ ಜನಕ್ಕೆ ತುಟಿಯಂಚಲ್ಲಿ ನಗು ಬರುತ್ತದೆ. ವಾರಾಂತ್ಯದ ಪಾಟ್‌ಲಕ್‌ನಲ್ಲಿ ಅದೇ ಜೋಕು ಬಡಿಸಲ್ಪಡುತ್ತದೆ. “ಕನ್ನಡ ಮೀಡಿಯಂ ಇರಬೇಕು ಪಾಪ” ಅನ್ನೋ ಷರಾ ಬೇರೆ! ನಗುವವರು ಯಾರು? ಇಪ್ಪತ್ತು ವರ್ಷದ ಹಿಂದೆ ಅದೇ ಬೆಂಚಿನ ಮೇಲೆ ಕೂತು ಬಂದ ನಾವೇ.

ನೇರವಾಗಿ ಹೇಳುತ್ತೇನೆ. ಈ ತಪ್ಪುಗಳು ದಡ್ಡತನದ ಗುರುತಲ್ಲ. ಇವುಗಳಲ್ಲಿ ಹೆಚ್ಚಿನವು ಕನ್ನಡದ ವ್ಯಾಕರಣವನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದ ಆದ ತಪ್ಪುಗಳು. ಎರಡು ನುಡಿಗಳು ಎಲ್ಲಿ ಒಟ್ಟಿಗೆ ನಡೆಯುತ್ತವೆ, ಎಲ್ಲಿ ದಾರಿ ಬೇರೆ ಹಿಡಿಯುತ್ತವೆ ಅಂತ ಆ ಮಗುವಿಗೆ ಯಾರೂ ಹೇಳಲಿಲ್ಲ, ಅಷ್ಟೇ. ತಪ್ಪು ಯಾರದ್ದು ಹಾಗಾದರೆ?

ಹೊಂದಾಣಿಕೆ ನಮಗೆ ಹೊಸದೇ?

ಇಂಗ್ಲಿಷಿನಲ್ಲಿ ಕರ್ತೃವಿಗೆ ತಕ್ಕಂತೆ ಕ್ರಿಯಾಪದ ಬದಲಾಗಬೇಕು ಅನ್ನುವುದನ್ನು ನಮ್ಮ ಶಾಲೆಗಳಲ್ಲಿ ಬ್ರಹ್ಮವಿದ್ಯೆಯ ಹಾಗೆ ಕಲಿಸುತ್ತಾರೆ. ನಿಜಕ್ಕೂ ಅಲ್ಲಿ ಇರುವುದೇನು? ‘ಆ್ಯಮ್, ಈಸ್, ಆರ್, ವಾಸ್, ವರ್’ ಮತ್ತು ‘ಹ್ಯಾಸ್’ ಬಿಟ್ಟರೆ ಉಳಿಯುವುದು ಒಂದೇ ಒಂದು ‘ಎಸ್’. ಅದೂ ವರ್ತಮಾನ ಕಾಲದಲ್ಲಿ, ಅದೂ ಪ್ರಥಮ ಪುರುಷ ಏಕವಚನಕ್ಕೆ ಮಾತ್ರ. ಭೂತಕಾಲಕ್ಕೆ ಹೋದರೆ ಅದೂ ಇಲ್ಲ. ಐ ಕೇಮ್, ಹಿ ಕೇಮ್, ಶಿ ಕೇಮ್, ದೇ ಕೇಮ್ - ಎಲ್ಲಕ್ಕೂ ಒಂದೇ ‘ಕೇಮ್’.

ಈಗ ನಮ್ಮ ಮನೆಯ ಕಡೆ ನೋಡಿ. ನಾನು ಬಂದೆ, ನಾವು ಬಂದೆವು, ನೀವು ಬಂದಿರಿ, ಅವನು ಬಂದನು, ಅವಳು ಬಂದಳು, ಅವರು ಬಂದರು, ಅದು ಬಂದಿತು, ಅವು ಬಂದವು. ಪುರುಷ, ಲಿಂಗ, ವಚನ ಮೂರನ್ನೂ ಲೆಕ್ಕ ಹಾಕಿ ಒಂದೇ ‘ಬರು’ ಎಂಟು ರೂಪ ತಾಳಿತು! ಇದನ್ನೆಲ್ಲ ನಮ್ಮ ಮಕ್ಕಳು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಕಲಿತಿರುತ್ತಾರೆ. ನಾಲ್ಕು ವರ್ಷದ ಮಗುವಿನ ಮುಂದೆ “ಅಮ್ಮ ಬಂದನು” ಅಂದು ನೋಡಿ, ಕಿಲಕಿಲ ನಗುತ್ತದೆ. ಎಂಟು ರೂಪ ಸಂಭಾಳಿಸುವ ಮಗುವಿಗೆ ಒಂದು ‘ಎಸ್’ ಭಾರವಾಯಿತೇ? ನಂಬೋ ಮಾತೇನ್ರೀ ಇದು?

ಇನ್ನೊಂದು ಮಾತು. ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದು ಕನ್ನಡಕ್ಕೆ ವ್ಯಾಕರಣ ಕಟ್ಟಿದ್ದು 13ನೇ ಶತಮಾನದಲ್ಲಿ. ಇಂಗ್ಲಿಷ್ ನುಡಿಗೆ ಇಂಗ್ಲಿಷಿನಲ್ಲೇ ಬರೆದ ಮೊದಲ ವ್ಯಾಕರಣ, ವಿಲಿಯಂ ಬುಲೋಕರನದು, ಬಂದದ್ದು 1586ರಲ್ಲಿ. ಜಂಬ ಪಡಲು ಇದನ್ನು ಹೇಳುತ್ತಿಲ್ಲ. ವ್ಯಾಕರಣ ಅನ್ನೋದು ಹಡಗಿನಲ್ಲಿ ಬಂದ ಸರಕು ಅನ್ನುವ ಭ್ರಮೆ ನಮ್ಮ ತಲೆಯಿಂದ ಹೋಗಲಿ ಅಂತ ಹೇಳುತ್ತಿದ್ದೇನೆ.

ಹಾಗಾದರೆ ತಪ್ಪು ಎಲ್ಲಿಂದ ಬರುತ್ತದೆ?

ಒಂದೊಂದಾಗಿ ಬಿಚ್ಚಿ ನೋಡೋಣ.

1. “ಹಿ ಡೋಂಟ್ ನೋ.” ಇವತ್ತಿನ ಕನ್ನಡದಲ್ಲಿ ಅವನು ಬರುವುದಿಲ್ಲ, ಅವಳು ಬರುವುದಿಲ್ಲ, ಅವರು ಬರುವುದಿಲ್ಲ. ‘ಇಲ್ಲ’ ಅಂದ ಕೂಡಲೇ ಕ್ರಿಯಾಪದ ಯಾರಿಗೂ ತಲೆಬಾಗುವುದಿಲ್ಲ! ಬಾರನು, ಬಾರಳು ಅನ್ನುವ ಹಳೆಯ ರೂಪಗಳು ಆಡುಮಾತಿನಿಂದ ಎಂದೋ ಹೋದವು. ಹಾಗಾಗಿ ‘ಡೋಂಟ್’ ಎಲ್ಲರಿಗೂ ಒಂದೇ ಅಂತ ಮಗು ಅಂದುಕೊಂಡರೆ ಅದು ತರ್ಕಬದ್ಧವಾದ ಊಹೆ. “ಕನ್ನಡದ ‘ಇಲ್ಲ’ ಬದಲಾಗಲ್ಲ, ಇಂಗ್ಲಿಷಿನಲ್ಲಿ ‘ಡೋಂಟ್’ ಕೂಡ ‘ಡಸಂಟ್’ ಆಗುತ್ತೆ, ಎಚ್ಚರ” ಅಂತ ಒಂದು ಸಾಲು ಹೇಳಿದ್ದರೆ ಮುಗಿದಿತ್ತು.

2. “ಶಿ ಹ್ಯಾವ್ ತ್ರೀ ಚಿಲ್ಡ್ರನ್.” ಕನ್ನಡದಲ್ಲಿ “ಅವಳಿಗೆ ಮೂವರು ಮಕ್ಕಳಿದ್ದಾರೆ”. ಇಲ್ಲಿ ಕ್ರಿಯಾಪದ ನೋಡುವುದು ಮಕ್ಕಳ ಮುಖ, ತಾಯಿಯ ಮುಖವಲ್ಲ. ‘ಅವಳಿಗೆ’ ಎಂಬುದು ಚತುರ್ಥಿಯಲ್ಲಿ ಪಕ್ಕಕ್ಕೆ ನಿಂತಿದೆ. ಇಂಗ್ಲಿಷಿನಲ್ಲಿ ತಾಯಿಯೇ ಯಜಮಾನಿ, ಅದಕ್ಕೇ ‘ಹ್ಯಾಸ್’.

3. “ಮೈ ಫಾದರ್ ಹ್ಯಾವ್ ಕಮ್.” ಅಪ್ಪ ಬಂದಿದ್ದಾರೆ ಸ್ವಾಮಿ! ‘ಬಂದಿದ್ದಾನೆ’ ಅಂದರೆ ಬೀಳುತ್ತೆ ಏಟು. ಗೌರವಕ್ಕೆ ಬಹುವಚನ ಹಚ್ಚುವುದು ನಮ್ಮ ಸಂಸ್ಕಾರ. ‘ಎವೆರಿಒನ್ ಹ್ಯಾವ್’ ಅನ್ನುವುದೂ ಹೀಗೇ. ನಮ್ಮಲ್ಲಿ ಎಲ್ಲರೂ ‘ಬಂದಿದ್ದಾರೆ’, ಪ್ರತಿಯೊಬ್ಬರೂ ‘ಬಂದಿದ್ದಾರೆ’. ಇಂಗ್ಲಿಷಿನವರು ಎಲ್ಲರನ್ನೂ ಒಂದು ಮೂಟೆ ಕಟ್ಟಿ ಏಕವಚನ ಮಾಡುತ್ತಾರೆ.

4. “ಟೆನ್ ಬುಕ್ಸ್ ಈಸ್ ದೇರ್.” ಮಾತಿನಲ್ಲಿ ನಾವು “ಹತ್ತು ಪುಸ್ತಕ ಇದೆ” ಅನ್ನುತ್ತೇವೆ. ಹತ್ತು ಅಂದಮೇಲೆ ಬಹುವಚನ ಗೊತ್ತಾಯಿತಲ್ಲ, ಮತ್ತೆ ಮತ್ತೆ ಯಾಕೆ ಹೇಳಬೇಕು? ಇದು ನಪುಂಸಕ ಲಿಂಗಕ್ಕೆ ನಮ್ಮ ಆಡುಮಾತು ಕೊಟ್ಟ ವಿನಾಯಿತಿ.

5. “ದ ಲಿಸ್ಟ್ ಆಫ್ ಐಟಮ್ಸ್ ಆರ್ ಅಟ್ಯಾಚ್ಡ್.” ಇದು ಎಲ್ಲಕ್ಕಿಂತ ಸ್ವಾರಸ್ಯ. “ಸಾಮಾನುಗಳ ಪಟ್ಟಿ ಇದೆ” - ಕನ್ನಡದಲ್ಲಿ ಯಜಮಾನ ಪದ ‘ಪಟ್ಟಿ’ ಕೊನೆಯಲ್ಲಿದೆ, ಕ್ರಿಯಾಪದಕ್ಕೆ ಅಂಟಿಕೊಂಡು. ವಿವರಣೆಯೆಲ್ಲ ಮುಂದೆ ಬಂದು ಹೋಗುತ್ತದೆ. ಇಂಗ್ಲಿಷಿನಲ್ಲಿ ‘ಲಿಸ್ಟ್’ ಮೊದಲೇ ಬಂದು ದೂರ ಉಳಿಯುತ್ತದೆ, ಕ್ರಿಯಾಪದದ ಪಕ್ಕಕ್ಕೆ ‘ಐಟಮ್ಸ್’ ಬಂದು ಕೂರುತ್ತದೆ. ಪಕ್ಕದಲ್ಲಿರುವವನೇ ಯಜಮಾನ ಅಂತ ಪಳಗಿದ ಕನ್ನಡದ ಕಿವಿ ಮೋಸ ಹೋಗುತ್ತದೆ. ಈ ತಪ್ಪನ್ನು ಇಂಗ್ಲಿಷ್ ಮನೆಮಾತಿನವರೂ ಮಾಡುತ್ತಾರೆ. ಅವರು ಮಾಡಿದರೆ ಅವಸರ, ನಮ್ಮವನು ಮಾಡಿದರೆ ಅವಿದ್ಯೆ! ಇದ್ಯಾವ ನ್ಯಾಯ?

ತೊಡಕಷ್ಟೇ ಅಲ್ಲ, ಕನ್ನಡದಿಂದ ನೆರವೂ ಇದೆ. “ಹಿ ಕ್ಯಾನ್ಸ್” ಯಾಕೆ ಆಗಲ್ಲ ಅಂತ ಮಗು ಕೇಳಿದರೆ “ರೂಲ್ ಅದು, ಬಾಯಿಪಾಠ ಮಾಡು” ಅನ್ನುತ್ತಾರೆ. ಅವನು ಬರಬಹುದು, ಅವಳು ಬರಬಹುದು. ಅವನು ಬರಬೇಕು, ಅವರು ಬರಬೇಕು. ನಮ್ಮ ‘ಬಹುದು’, ‘ಬೇಕು’ಗಳು ಬದಲಾಗದ ಹಾಗೆಯೇ ಅವರ ‘ಕ್ಯಾನ್’, ‘ಮಸ್ಟ್’ ಬದಲಾಗುವುದಿಲ್ಲ. ಅರ್ಧ ನಿಮಿಷದ ಪಾಠ. ಇದನ್ನು ಹೇಳುವ ಇಂಗ್ಲಿಷ್ ಮೇಷ್ಟ್ರು ನಿಮಗೆ ಸಿಕ್ಕಿದ್ದರೇ?

ಇಂಗ್ಲಿಷಿನದೇ ಕಥೆ ಏನು?

‘ಎಸ್’ ಅನ್ನು ಬುದ್ಧಿವಂತಿಕೆಯ ಅಳತೆಗೋಲು ಮಾಡಿಕೊಂಡವರು ಅದರ ಚರಿತ್ರೆ ಸ್ವಲ್ಪ ತಿಳಿದುಕೊಳ್ಳಲಿ. ಈ ‘ಎಸ್’ ಇಂಗ್ಲೆಂಡಿನ ಉತ್ತರದ ಆಡುಮಾತಿನಿಂದ ದಕ್ಷಿಣಕ್ಕೆ ಹರಡಿದ್ದು. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಅದರ ಜಾಗದಲ್ಲಿ ಇನ್ನೂ ‘ಎತ್’ ಇದೆ. 18ನೇ ಶತಮಾನದಲ್ಲಿ ಓದಿದ ಇಂಗ್ಲಿಷರೇ ‘ಯು ವಾಸ್’ ಅನ್ನುತ್ತಿದ್ದರು. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಅದನ್ನು ತಪ್ಪೆಂದು ಸಾರಿದ. ನಾರ್ಫೋಕ್, ಸಫೋಕ್ ಕಡೆಯ ಹಳ್ಳಿಗಳ ಸಾಂಪ್ರದಾಯಿಕ ಮಾತಿನಲ್ಲಿ ‘ಹಿ ಗೋ’ ಅನ್ನುವುದೇ ರೂಢಿ. ಬ್ರಿಟನ್ನಿನಲ್ಲಿರುವ ಗೆಳೆಯರು ಟೀವಿಯಲ್ಲಿ ‘ದ ಟೀಮ್ ಆರ್’ ಅಂತ ಕೇಳುತ್ತಾರೆ, ಅಮೆರಿಕದವರು ‘ದ ಟೀಮ್ ಈಸ್’ ಅಂತ.

ಅಮೆರಿಕದ ಹೆಸರೇ ಬಂತಲ್ಲ, ಅದರ ಸಂವಿಧಾನ ತೆಗೆದು ನೋಡಿ. ದೇಶದ್ರೋಹ ಎಂದರೇನು ಅಂತ ಹೇಳುವ ಮೂರನೇ ವಿಧಿಯಲ್ಲಿ ಯುನೈಟೆಡ್ ಸ್ಟೇಟ್ಸ್‌ಗೆ ಸರ್ವನಾಮ ‘ದೆಮ್’. ಗುಲಾಮಗಿರಿ ರದ್ದು ಮಾಡಿದ 1865ರ 13ನೇ ತಿದ್ದುಪಡಿಯಲ್ಲಿ ‘ದೇರ್’. ಅಂದರೆ ಬಹುವಚನ. ಇವತ್ತು ಅದೇ ದೇಶಕ್ಕೆ ಎಲ್ಲರೂ ಹಚ್ಚುವುದು ‘ಈಸ್’. ದೇಶದ ಹೆಸರೇ ಬಹುವಚನದಿಂದ ಏಕವಚನಕ್ಕೆ ಜಾರಿದ ಮೇಲೆ, ಚಳ್ಳಕೆರೆಯ ಹುಡುಗನ ಒಂದು ‘ಎಸ್’ ಜಾರಿದ್ದಕ್ಕೆ ಇಷ್ಟೊಂದು ರಂಪವೇ?

ಹಾಗಂತ ತಪ್ಪು ಬರೆದರೂ ನಡೆಯುತ್ತೆ ಅಂತ ನಾನು ಹೇಳುತ್ತಿಲ್ಲ. ಖಂಡಿತ ಇಲ್ಲ. ಇವತ್ತಿನ ಒಪ್ಪಿತ ಇಂಗ್ಲಿಷ್ ನಮ್ಮ ಮಕ್ಕಳಿಗೆ ಚೆನ್ನಾಗಿ ಬರಬೇಕು. ಆ ‘ಎಸ್’ ಇಲ್ಲದ್ದಕ್ಕೆ ಕೆಲಸ ಕೈತಪ್ಪುತ್ತದೆ ಅನ್ನುವುದು ನಮಗೆಲ್ಲ ಗೊತ್ತಿರುವ ಸಂಗತಿ. ಅದಕ್ಕೇ ಕಲಿಸುವ ರೀತಿ ಸರಿಯಿರಲಿ ಅನ್ನುತ್ತಿರುವುದು.

ಜಗಳ ಮಾಧ್ಯಮದ್ದು, ಮರೆತದ್ದು ವಿಧಾನವನ್ನು

2007ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2014ರಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಹಂತದಲ್ಲಿ ತಾಯ್ನುಡಿ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂತ ತೀರ್ಪು ಕೊಟ್ಟಿತು. 2019ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ತರಗತಿಗಳು ತೆರೆದವು. ಪ್ರತಿ ಸಲವೂ ಯಾವ ಮಾಧ್ಯಮ, ಯಾವ ತರಗತಿಯಿಂದ ಅಂತಲೇ ಗುದ್ದಾಟ. ಕನ್ನಡ ಬಲ್ಲ ಮಗುವಿಗೆ ಇಂಗ್ಲಿಷನ್ನು ಹೇಗೆ ಕಲಿಸಬೇಕು ಅನ್ನುವ ಪ್ರಶ್ನೆ ಮೂಲೆ ಸೇರಿತು.

ಶಾಲೆಯ ವೇಳಾಪಟ್ಟಿ ನೋಡಿ. ಕನ್ನಡದ ಪೀರಿಯಡ್ಡಿನಲ್ಲಿ ಕರ್ತೃ, ಕರ್ಮ, ಕ್ರಿಯಾಪದ, ಆಖ್ಯಾತ ಪ್ರತ್ಯಯ ಅಂತ ಬಾಯಿಪಾಠ. ಗಂಟೆ ಹೊಡೆದ ಮೇಲೆ ಅದೇ ಕೋಣೆಯಲ್ಲಿ ‘ಸಬ್ಜೆಕ್ಟ್ ವರ್ಬ್ ಅಗ್ರಿಮೆಂಟ್’ ಅಂತ ಇನ್ನೊಂದು ಬಾಯಿಪಾಠ. ಎರಡೂ ಒಂದೇ ವಿಷಯ ಅಂತ ಮಗುವಿಗೆ ಹೇಳುವವರಿಲ್ಲ! ಕನ್ನಡದ ಪಾಠವಾದರೂ ಕನ್ನಡದ್ದಾಗಿದೆಯೇ? ಡಿ.ಎನ್. ಶಂಕರ ಬಟ್ಟರು 2000ದಲ್ಲಿ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಅಂತ ಪುಸ್ತಕದ ತಲೆಬರಹದಲ್ಲೇ ಕೇಳಿದರು. ತನ್ನ ನುಡಿಯ ಕಟ್ಟಣೆಯನ್ನೇ ಮಗುವಿಗೆ ತೋರಿಸದೆ ಪರನುಡಿಯ ಕಟ್ಟಣೆ ಹೇಗೆ ತೋರಿಸುತ್ತೀರಿ?

“ಇಂಗ್ಲಿಷ್ ಬರಬೇಕಾದರೆ ಇಂಗ್ಲಿಷಿನಲ್ಲೇ ಯೋಚಿಸಬೇಕು, ಕನ್ನಡ ತಂದರೆ ಕೆಡುತ್ತೆ” ಅನ್ನುವ ಪಂಡಿತರಿದ್ದಾರೆ. ಲಂಡನ್ನಿನ ಮಗುವಿಗೆ ಬಸ್ಸು, ಅಂಗಡಿ, ಆಟದ ಬಯಲು ಎಲ್ಲವೂ ಇಂಗ್ಲಿಷ್ ಕಲಿಸುತ್ತವೆ. ಹಿರಿಯೂರಿನ ಮಗುವಿಗೆ ಸಿಗುವುದು ದಿನಕ್ಕೊಂದು ಪೀರಿಯಡ್. ಆ ಅವಧಿಯಲ್ಲಿ ಅದಕ್ಕೆ ಗೊತ್ತಿರುವ ಏಕೈಕ ನುಡಿಯನ್ನು ಬಾಗಿಲಾಚೆ ನಿಲ್ಲಿಸಿದರೆ ಉಳಿಯುವುದು ಗಿಳಿಪಾಠ. ಜರ್ಮನಿಯಲ್ಲಿರುವ ನಮ್ಮ ಓದುಗರನ್ನೇ ಕೇಳುತ್ತೇನೆ: ಜರ್ಮನ್ ಕಲಿಯುವಾಗ ನಿಮಗೆ ಗೊತ್ತಿದ್ದ ನುಡಿಗಳ ಜೊತೆ ಹೋಲಿಸದೆ ಕಲಿತಿರಾ? ದೊಡ್ಡವರಿಗೆ ಬೇಕಾದ ಊರುಗೋಲು ಎಂಟು ವರ್ಷದ ಕೂಸಿಗೆ ಬೇಡವೇ?

ನಾವೇನು ಮಾಡಬಹುದು?

ಮೊದಲನೆಯದು, ನಗುವುದನ್ನು ನಿಲ್ಲಿಸೋಣ. ನಮ್ಮ ನಗುವಿಗೆ ಹೆದರಿ ಊರಿನ ಅಪ್ಪ ಅಮ್ಮ ಸಾಲ ಮಾಡಿ ಮಗುವನ್ನು ದುಬಾರಿ ಶಾಲೆಗೆ ಹಾಕುತ್ತಾರೆ. ಅಲ್ಲಿ ಕನ್ನಡ ಆಡಿದರೆ ದಂಡ ಹಾಕುತ್ತಾರೆ. ಕೊನೆಗೆ ಮಗುವಿಗೆ ಎರಡೂ ನುಡಿ ಅರೆಬರೆ.

ಎರಡನೆಯದು, ನಮ್ಮಲ್ಲಿ ಎಷ್ಟೋ ಜನ ಫೋನಿನಲ್ಲಿ ಊರಿನ ಹುಡುಗರ ಇಂಟರ್‌ವ್ಯೂ ಮಾಡುತ್ತೇವೆ. ‘ಎಸ್’ ಬಿಟ್ಟನೆಂದು ತಳ್ಳಿಹಾಕುವ ಮೊದಲು ಅವನ ಕೋಡ್ ನೋಡಿ, ಅವನ ಲೆಕ್ಕ ನೋಡಿ. ತಪ್ಪು ಕಂಡರೆ ಎರಡು ಸಾಲಲ್ಲಿ ತಿಳಿಸಿ, ತಿದ್ದಿಕೊಳ್ಳುತ್ತಾನೆ.

ಮೂರನೆಯದು ಮುಖ್ಯವಾದದ್ದು. ಓದಿದ ಶಾಲೆಗೆ ಏನಾದರೂ ಕೊಡಬೇಕು ಅನ್ನಿಸಿದಾಗ ನಾವು ಪರದೇಶದ ದಪ್ಪ ಗ್ರಾಮರ್ ಪುಸ್ತಕ ಕಳಿಸುತ್ತೇವೆ. ಅದನ್ನು ಬರೆದವನಿಗೆ ಕನ್ನಡದ ಮಗು ಎಲ್ಲಿ ಎಡವುತ್ತದೆ ಅಂತ ಗೊತ್ತಿಲ್ಲ. ನಮಗೆ ಗೊತ್ತು! ಐವತ್ತು ಪುಟದ ಒಂದು ತೆಳು ಪುಸ್ತಕ ಸಾಕು, ಕನ್ನಡದಲ್ಲೇ ವಿವರಣೆ. ಎಡಗಡೆ ನಮ್ಮ ವಾಕ್ಯ, ಬಲಗಡೆ ಅವರ ವಾಕ್ಯ, ಕೆಳಗೆ ಯಾಕೆ ಬೇರೆ ಅನ್ನುವ ಕಾರಣ. ಮೇಲಿನ ಐದು ಉದಾಹರಣೆಗಳು ಅದಕ್ಕೆ ಮೊದಲ ಐದು ಪುಟ ಅಂತ ಇಟ್ಟುಕೊಳ್ಳಿ. ಆರನೆಯದು ನಿಮ್ಮಿಂದ ಬರಲಿ. ಈ ಪತ್ರಕ್ಕೆ ಉತ್ತರವಾಗಿ ಒಂದು ತಪ್ಪು, ಅದರ ಹಿಂದಿನ ಕನ್ನಡದ ಕಾರಣ ಬರೆದು ಕಳಿಸಿ. ಊರಿನಲ್ಲಿ ಪಾಠ ಮಾಡುವ ಅಕ್ಕ, ಭಾವ, ಗೆಳೆಯ ಇದ್ದರೆ ಅವರಿಗೂ ಇದನ್ನು ದಾಟಿಸಿ. ತರಗತಿಯಲ್ಲಿ ಏನು ನಡೆಯುತ್ತೆ ಅಂತ ಅವರಿಗೇ ಹೆಚ್ಚು ಗೊತ್ತು.

ಕನ್ನಡ ಇಂಗ್ಲಿಷಿಗೆ ಅಡ್ಡಿ ಅಂತ ನಮ್ಮನ್ನು ನಂಬಿಸಿದ್ದಾರೆ. ಕನ್ನಡವೇ ಇಂಗ್ಲಿಷಿಗೆ ಏಣಿ ಅಂತ ತೋರಿಸಿಕೊಡೋಣ.

ಏನಂತೀರಿ?